ಊರಿನ ಹಣ, ಊರವರ ಮಾತು

ಸಂಸಾರದ ನೊಗ ಹೊತ್ತವರಿಗೆಲ್ಲ ಆಯವ್ಯಯದ ಕಷ್ಟ ಗೊತ್ತು. ತಿಂಗಳ ಮೊದಲಲ್ಲಿ ಕೈಗೆ ಬರುವ ಹಣ ಇಷ್ಟೇ ಎಂದು ಗೊತ್ತಿರುತ್ತದೆ. ಅದರ ಮೇಲೆ ಕಣ್ಣಿಟ್ಟ ಅಗತ್ಯಗಳು ಹತ್ತು. ಮಗನ ಶಾಲೆಯ ಶುಲ್ಕ, ಸೋರುವ ಮಾಡು, ಅಜ್ಜಿಯ ಔಷಧಿ, ಮಗಳ ಮದುವೆಗೆಂದು ಮಾಡಿದ ಸಾಲದ ಕಂತು. ಇವುಗಳಲ್ಲಿ ಬೇಡವಾದದ್ದು ಒಂದೂ ಇಲ್ಲ. ಯಾವುದು ಮೊದಲು ಎಂಬುದಷ್ಟೇ ಪ್ರಶ್ನೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಹಾಸಿಗೆಯ ಉದ್ದವನ್ನು ನೆನಪಿಸುತ್ತದೆ. ಆದರೆ ಒಂದೇ ಹಾಸಿಗೆಯಲ್ಲಿ ಹತ್ತು ಜನ ಮಲಗಬೇಕಾದಾಗ ಯಾರ ಕಾಲಿಗೆ ಎಷ್ಟು ಜಾಗ, ಅದನ್ನು ಹೇಳುವವರು ಯಾರು ಎಂಬ ವಿಷಯದಲ್ಲಿ ಗಾದೆ ಮೌನವಾಗಿದೆ.

ನಗರವೆಂಬುದು ಇಂಥ ಒಂದು ದೊಡ್ಡ ಹಾಸಿಗೆ. ಅದರ ವಾರ್ಷಿಕ ಆಯವ್ಯಯ ಪತ್ರವನ್ನು ನಮ್ಮಲ್ಲಿ ಓದುವವರು ವಿರಳ. ಪತ್ರಿಕೆಯಲ್ಲಿ ಕೋಟಿಗಳ ಲೆಕ್ಕ ಕಂಡೊಡನೆ ಪುಟ ತಿರುವುತ್ತೇವೆ. ಬಜೆಟ್ಟು ಎಂಬ ಮಾತು ಹುಟ್ಟಿದ್ದು ಫ್ರೆಂಚ್ ಭಾಷೆಯಲ್ಲಿ ತೊಗಲಿನ ಸಣ್ಣ ಚೀಲಕ್ಕಿದ್ದ ಹೆಸರಿನಿಂದ. ನಮ್ಮ ಹಿಂದಿನ ವರ್ತಕರು ಹಣವಿಟ್ಟು ಹೆಗಲಿಗೇರಿಸುತ್ತಿದ್ದ ಹಸಿಬೆ ಚೀಲವನ್ನು ನೆನೆದುಕೊಂಡರೆ ಸಾಕು, ಅರ್ಥ ತಿಳಿಯಾಗುತ್ತದೆ. ಊರಿನ ಹಸಿಬೆಯನ್ನು ತುಂಬುವವರು ಊರವರು. ಅದರ ಬಾಯಿ ಬಿಚ್ಚುವಾಗ ಅವರ ಮಾತಿಗೆ ಎಷ್ಟು ಬೆಲೆ? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅದರ ಒಂದೆರಡು ಅಧ್ಯಾಯಗಳನ್ನು ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇನೆ.

ಮೊದಲ ಅಧ್ಯಾಯ ನಮ್ಮದೇ. 1881ರಲ್ಲಿ ಮೈಸೂರು ಸಂಸ್ಥಾನ ಮರಳಿ ಒಡೆಯರ ಕೈಗೆ ಬಂದಾಗ ಖಜಾನೆಯ ಸ್ಥಿತಿ ಚೆನ್ನಾಗಿರಲಿಲ್ಲ. 1876ರಿಂದ 1878ರವರೆಗಿನ ಭೀಕರ ಕ್ಷಾಮ ನಾಡನ್ನು ಹಿಂಡಿಹಾಕಿತ್ತು. ಆ ಕ್ಷಾಮದಿಂದಾದ 80 ಲಕ್ಷ ರೂಪಾಯಿಗಳ ಸಾಲ ಸಂಸ್ಥಾನದ ತಲೆಯ ಮೇಲಿತ್ತು. ಇಂಥ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ರೈತರೂ ವರ್ತಕರೂ ಮೈಸೂರಿನಲ್ಲಿ ಸೇರಿದರು. ದಿವಾನರು ರಾಜ್ಯದ ಆಡಳಿತದ ವರದಿಯನ್ನೂ ಹಣಕಾಸಿನ ಸ್ಥಿತಿಯನ್ನೂ ಅವರೆದುರು ಒಪ್ಪಿಸಿದರು. ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಹೇಳಿಕೊಂಡರು. ಆಳುವವನು ಆಳಿಸಿಕೊಳ್ಳುವವರ ಮುಂದೆ ನಿಂತು ಲೆಕ್ಕ ಹೇಳಿದ ಆ ದಿನ ಸಾಮಾನ್ಯವಾದದ್ದಲ್ಲ.

ಆದರೂ ಆ ಸಭೆಗೆ ಒಂದು ಮಿತಿಯಿತ್ತು. ಪ್ರತಿನಿಧಿಗಳು ಕೇಳಬಹುದಾಗಿತ್ತು, ತೀರ್ಮಾನ ಮಾತ್ರ ಸರ್ಕಾರದ್ದು. ಆಯವ್ಯಯದ ಸಾಮಾನ್ಯ ತತ್ವಗಳನ್ನು ಚರ್ಚಿಸುವ ಹಕ್ಕು ಕಾನೂನಿನ ಆಧಾರದ ಮೇಲೆ ಸಭೆಗೆ ದೊರೆತದ್ದು 1923ರ ಸುಧಾರಣೆಗಳಲ್ಲಿ; ಅದೂ ಚರ್ಚೆಯ ಹಕ್ಕು, ನಿರ್ಧಾರದ್ದಲ್ಲ. ಅಹವಾಲು ಎಂಬ ಮಾತಿನಲ್ಲಿಯೇ ಒಂದು ಭಂಗಿ ಅಡಗಿದೆ. ಅದು ಕೈಮುಗಿದು ನಿಂತ ಭಂಗಿ. ಹೇಳುವವನಿಗೆ ಬೊಕ್ಕಸದಲ್ಲಿ ಎಷ್ಟಿದೆಯೆಂಬ ಚಿಂತೆಯಿಲ್ಲ. ಪಕ್ಕದ ತಾಲ್ಲೂಕಿನವನ ಅಹವಾಲಿಗೂ ತನ್ನದಕ್ಕೂ ತೂಕ ನೋಡಬೇಕಾದ ಕರ್ತವ್ಯವೂ ಇಲ್ಲ. ಹೇಳುವುದಷ್ಟೇ ಅವನ ಪಾಲು. ಆಯುವುದು ಪ್ರಭುವಿನ ಪಾಲು. ಹೇಳುವವನೇ ಆಯುವವನೂ ಆದರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ನಾವು ಒಂದು ಶತಮಾನವನ್ನೂ ಎರಡು ಸಾಗರಗಳನ್ನೂ ದಾಟಿ ಬ್ರೆಜಿಲ್ ದೇಶಕ್ಕೆ ಹೋಗಬೇಕು.

ಬ್ರೆಜಿಲಿನ ದಕ್ಷಿಣದ ತುದಿಯಲ್ಲಿ ರಿಯೊ ಗ್ರಾಂಡೆ ದೊ ಸುಲ್ ಎಂಬ ರಾಜ್ಯ. ಅದರ ರಾಜಧಾನಿ ಪೋರ್ಟೊ ಅಲೆಗ್ರೆ. ಹೆಸರಿನ ಅರ್ಥ 'ನಲಿವಿನ ರೇವು'. ಗ್ವಾಯಿಬ ಎಂಬ ವಿಶಾಲ ಜಲರಾಶಿಯ ದಂಡೆಯಲ್ಲಿ, ಹದಿಮೂರು ಲಕ್ಷದಷ್ಟು ಜನ ವಾಸಿಸುವ ನಗರ. ಹೆಸರಿನ ನಲಿವು ಎಲ್ಲರ ಪಾಲಿಗೂ ಬಂದಿರಲಿಲ್ಲ. ಹಳ್ಳಿಗಾಡಿನಿಂದ ಕೆಲಸ ಹುಡುಕಿ ಬಂದವರು ಗುಡ್ಡದ ಇಳಿಜಾರಿನಲ್ಲಿ, ಜೌಗು ನೆಲದಲ್ಲಿ, ಹಕ್ಕುಪತ್ರವಿಲ್ಲದ ಜಾಗದಲ್ಲಿ ಹಲಗೆಯ ಗುಡಿಸಲು ಕಟ್ಟಿಕೊಂಡರು. 1960ರ ದಶಕದ ಕೊನೆಯಲ್ಲಿ ನಗರದ ನಡುವಿನ ಇಂಥ ಗುಡಿಸಲುಗಳನ್ನು ತೆರವುಮಾಡಿಸಿ, ಅಲ್ಲಿದ್ದವರನ್ನು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ರೆಸ್ತಿಂಗ ಎಂಬಲ್ಲಿಗೆ ಸಾಗಿಸಲಾಯಿತು. ಊರಿನ ಅಂದ ಹೆಚ್ಚಿತು. ಅಲ್ಲಿಗೆ ಹೋದವರಿಗೆ ನೀರು, ದಾರಿ, ಬಸ್ಸು ಎಲ್ಲವೂ ದೂರವಾದವು.

ಆ ದೇಶದಲ್ಲಿ 1964ರಿಂದ 1985ರವರೆಗೆ ಸೈನ್ಯದ ಆಳ್ವಿಕೆ. ರಾಜಧಾನಿ ನಗರಗಳ ಮೇಯರುಗಳನ್ನು ಜನ ಆರಿಸುವಂತಿರಲಿಲ್ಲ; ಮೇಲಿನಿಂದ ನೇಮಿಸುತ್ತಿದ್ದರು. ಬಡವರ ಕೇರಿಗೆ ಒಂದು ನಲ್ಲಿಯೋ ನಾಲ್ಕು ಗಾಡಿ ಜಲ್ಲಿಯೋ ಬರಬೇಕಾದರೆ ಯಾರಾದರೊಬ್ಬ ನಗರಸಭಾ ಸದಸ್ಯನ ಕೃಪೆ ಬೇಕು. ಆ ಕೃಪೆಗೆ ಪ್ರತಿಯಾಗಿ ಕೇರಿಯ ಮತಗಳು ಅವನವು. ನಮ್ಮ ಕೇಳುಗರಿಗೆ ಈ ಪದ್ಧತಿಯನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲವೆಂದು ಕಾಣುತ್ತದೆ. ಇಷ್ಟರ ನಡುವೆಯೂ ಬಡಾವಣೆ ಬಡಾವಣೆಗಳಲ್ಲಿ ನಿವಾಸಿಗಳ ಸಂಘಗಳು ಬೆಳೆದವು; 1983ರಲ್ಲಿ ಅವುಗಳ ಒಕ್ಕೂಟವೊಂದು ರೂಪುಗೊಂಡಿತು. ನಗರದ ಆಯವ್ಯಯವನ್ನು ನಿರ್ಧರಿಸುವುದರಲ್ಲಿ ತಮಗೂ ಪಾಲು ಬೇಕೆಂದು ಆ ಒಕ್ಕೂಟ 1986ರಲ್ಲಿಯೇ ಕೇಳಿತು. ಇದನ್ನು ಒತ್ತಿ ಹೇಳಬೇಕು. ಏಕೆಂದರೆ ಮುಂದೆ ಲೋಕವಿಖ್ಯಾತವಾದ ಈ ಪದ್ಧತಿಯನ್ನು ಯಾವನೋ ಪಂಡಿತನು ಮೇಜಿನ ಮುಂದೆ ಕುಳಿತು ಕಂಡುಹಿಡಿದನೆಂದು ಭಾವಿಸುವವರುಂಟು. ಅದರ ಬೇರು ಕೆಸರುದಾರಿಯ ಕೇರಿಗಳಲ್ಲಿದೆ.

1988ರ ಕೊನೆಯ ಚುನಾವಣೆಯಲ್ಲಿ ಕಾರ್ಮಿಕ ಪಕ್ಷದ ಒಲಿವಿಯೊ ದುತ್ರ ಮೇಯರಾಗಿ ಗೆದ್ದರು. ಬ್ಯಾಂಕು ನೌಕರರ ಸಂಘಟನೆಯಿಂದ ಬಂದ ಮನುಷ್ಯ. 1989ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡು ಖಜಾನೆಯ ಬಾಗಿಲು ತೆಗೆದರೆ ಒಳಗೆ ಏನಿದೆ? ವರಮಾನದ ಹೆಚ್ಚುಕಡಿಮೆ ಎಲ್ಲವೂ ನೌಕರರ ಸಂಬಳಕ್ಕೇ ಸರಿ. ಹೊರಗೆ ಹಣದುಬ್ಬರ, ಆ ವರ್ಷ ಬ್ರೆಜಿಲಿನಲ್ಲಿ ಬೆಲೆಗಳು ಹತ್ತು ಪಟ್ಟಿಗೂ ಮೀರಿ ಏರಿದವು. ಆದರೂ ಮಾತು ಕೊಟ್ಟಂತೆ ಸಭೆಗಳನ್ನು ಕರೆದರು. ಜನ ಬಂದರು, ವರ್ಷಗಟ್ಟಲೆ ನುಂಗಿಕೊಂಡದ್ದನ್ನೆಲ್ಲ ಹೇಳಿದರು. ಬೇಡಿಕೆಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಕೆಲಸ ಮಾತ್ರ ಆಗಲಿಲ್ಲ. ಮರುವರ್ಷದ ಸಭೆಗಳಿಗೆ ನಗರವೆಲ್ಲ ಸೇರಿ ಒಂದು ಸಾವಿರ ಜನವೂ ಬರಲಿಲ್ಲ. ಕೇಳಿಸಿಕೊಳ್ಳದ ಸರ್ಕಾರವನ್ನು ಜನ ಸಹಿಸಿಯಾರು. ಕೇಳಿಸಿಕೊಂಡು ಏನನ್ನೂ ಮಾಡದ ಸರ್ಕಾರವನ್ನು ನಂಬುವುದು ಕಷ್ಟ.

ಈ ಸೋಲಿನಿಂದ ಅವರು ಕಲಿತರು. ಮೊದಲು ಮಾಡಿದ ಕೆಲಸ ಹಸಿಬೆಗೆ ಹಣ ತುಂಬುವುದು. ಉಳ್ಳವರ ಆಸ್ತಿಗೆ ಹೆಚ್ಚು, ಇಲ್ಲದವರದಕ್ಕೆ ಕಡಿಮೆ ಎಂಬ ನ್ಯಾಯದಂತೆ ಮನೆ ಕಂದಾಯವನ್ನು ಸರಿಪಡಿಸಿದರು. ಸಂಬಳ, ಸಾಲ, ನಿತ್ಯದ ವೆಚ್ಚಗಳನ್ನು ಕಳೆದು ಹೊಸ ಕಾಮಗಾರಿಗಳಿಗೆ ಒಂದಿಷ್ಟು ಉಳಿಯುವಂತಾಯಿತು. ಎರಡನೆಯದಾಗಿ, ಆ ಉಳಿದ ಹಣ ಎಷ್ಟೆಂಬುದನ್ನು ಮುಚ್ಚಿಡದೆ ಜನರ ಮುಂದಿಟ್ಟರು. ಮೂರನೆಯದು, ಆಯ್ಕೆಗೆ ಒಂದು ನಿಯಮ ಕಟ್ಟಿದರು. ನನ್ನ ಮಟ್ಟಿಗೆ ಈ ಕಥೆಯ ಜೀವಾಳವಿರುವುದು ಆ ನಿಯಮದಲ್ಲಿ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಗರವನ್ನು 16 ವಿಭಾಗಗಳಾಗಿ ಹಂಚಿದರು. ಪ್ರತಿ ವರ್ಷವೂ ಪ್ರತಿ ವಿಭಾಗದಲ್ಲೂ ಬಯಲು ಸಭೆಯಂಥ ಮಹಾಸಭೆ. ಯಾರು ಬೇಕಾದರೂ ಬರಬಹುದು. ಸಂಘದ ಸದಸ್ಯತ್ವ ಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಅಧಿಕಾರಿಗಳು ಮೊದಲು ಹಿಂದಿನ ವರ್ಷದ ಲೆಕ್ಕ ಒಪ್ಪಿಸಬೇಕು: ಯಾವ ಕೆಲಸ ಮುಗಿಯಿತು, ಯಾವುದು ಅರ್ಧಕ್ಕೆ ನಿಂತಿತು, ಏಕೆ ನಿಂತಿತು. ಆಮೇಲೆ ಜನರ ಮಾತು. ಬಂದವರ ಸಂಖ್ಯೆಗೆ ತಕ್ಕಂತೆ ಆ ವಿಭಾಗಕ್ಕೆ ಪ್ರತಿನಿಧಿಗಳು. ಚರಂಡಿ, ದಾರಿ, ವಸತಿ, ಶಾಲೆ, ಆರೋಗ್ಯ ಇವುಗಳಲ್ಲಿ ಯಾವುದು ಮೊದಲು, ಯಾವುದು ಎರಡನೆಯದು ಎಂದು ಪ್ರತಿ ವಿಭಾಗವೂ ಕ್ರಮ ಕಟ್ಟಿ ಹೇಳಬೇಕು. ಎಲ್ಲ ವಿಭಾಗಗಳಿಂದಲೂ ಇಬ್ಬಿಬ್ಬರು ಸೇರಿದ ಒಂದು ಆಯವ್ಯಯ ಮಂಡಲಿ. ಆರಿಸಿ ಬಂದವರು ದಾರಿ ತಪ್ಪಿದರೆ ಅವರನ್ನು ಹಿಂದಕ್ಕೆ ಕರೆಸುವ ಅಧಿಕಾರ ಆರಿಸಿದವರಿಗುಂಟು. 1994ರಿಂದ ಸಾರಿಗೆ, ಶಿಕ್ಷಣ, ಆರೋಗ್ಯ ಮೊದಲಾದ ವಿಷಯಗಳಿಗೆ ಬೇರೆ ಸಭೆಗಳೂ ಸೇರಿಕೊಂಡವು. ಕೊನೆಯಲ್ಲಿ ಪತ್ರವು ಚುನಾಯಿತ ನಗರಸಭೆಯ ಮುಂದೆ ಹೋಗಿ ಅಂಗೀಕಾರ ಪಡೆಯಬೇಕು. ಕಾನೂನಿನ ಅಧಿಕಾರ ಅಲ್ಲಿಯದೇ.

ಇನ್ನು ಹಣವನ್ನು ಹಂಚುವ ಲೆಕ್ಕ. ಮೂರು ಅಂಶಗಳನ್ನು ತೂಗುತ್ತಿದ್ದರು. ಆ ವಿಭಾಗದ ಜನಸಂಖ್ಯೆ ಎಷ್ಟು. ಕೇಳಿದ ಸೌಕರ್ಯದ ಕೊರತೆ ಅಲ್ಲಿ ಎಷ್ಟು. ಅಲ್ಲಿಯ ಜನ ಅದಕ್ಕೆ ಎಷ್ಟನೆಯ ಸ್ಥಾನ ಕೊಟ್ಟಿದ್ದಾರೆ. ಒಂದೊಂದಕ್ಕೂ ಅಂಕ, ಅಂಕದ ಮೊತ್ತಕ್ಕೆ ತಕ್ಕ ಪಾಲು. ಉದಾಹರಣೆಗೆ ಎರಡು ವಿಭಾಗಗಳನ್ನು ಕಲ್ಪಿಸಿಕೊಳ್ಳಿ. ಎರಡರವರೂ ತಮಗೆ ಮೊದಲು ಬೇಕಾದದ್ದು ಕಲ್ಲುಹಾಸಿನ ದಾರಿಯೆಂದೇ ಹೇಳಿದ್ದಾರೆ. ಒಂದರಲ್ಲಿ ಹತ್ತು ಬೀದಿಗಳಲ್ಲಿ ಒಂಬತ್ತು ಈಗಾಗಲೇ ಹಾಸು ಕಂಡಿವೆ. ಇನ್ನೊಂದರಲ್ಲಿ ಹತ್ತರಲ್ಲಿ ಎರಡು. ಗಟ್ಟಿಯಾಗಿ ಕೂಗಿದವರು ಮೊದಲನೆಯವರೇ ಇರಬಹುದು, ಮೇಯರಿಗೆ ಬೇಕಾದವರೂ ಅವರೇ ಇರಬಹುದು. ಅಂಕ ಹೆಚ್ಚು ಬರುವುದು ಎರಡನೆಯವರಿಗೆ. ದನಿಯ ಜೋರಿಗೆ ಅಂಕವಿಲ್ಲ, ಕೊರತೆಗೆ ಅಂಕವುಂಟು. ಬಡವನ ಅಗತ್ಯವನ್ನು ದಯೆಯ ಲೆಕ್ಕದಿಂದ ತೆಗೆದು ಗಣಿತದ ಲೆಕ್ಕಕ್ಕೆ ಸೇರಿಸಿದ ಈ ಕ್ರಮ ನನಗೆ ಒಂದು ದೊಡ್ಡ ನೈತಿಕ ಸಾಧನೆಯಾಗಿ ಕಾಣುತ್ತದೆ.

ದಾರಿಯ ಮಾತು ಬಂತು. ಬಡ ಕೇರಿಗಳವರ ಪಟ್ಟಿಯಲ್ಲಿ ವರ್ಷ ವರ್ಷವೂ ದಾರಿಯ ಹಾಸು ಮೇಲಿನ ಸ್ಥಾನಗಳಲ್ಲಿಯೇ ಇರುತ್ತಿತ್ತು. ಹೊರಗಿನವರಿಗೆ ಇದು ಸಣ್ಣ ಆಸೆಯಂತೆ ತೋರಬಹುದು. ಆದರೆ ಮಣ್ಣಿನ ದಾರಿಗೆ ಬಸ್ಸು ಇಳಿಯುವುದಿಲ್ಲ, ರೋಗಿಯ ವಾಹನ ಬರುವುದಿಲ್ಲ. ಮಳೆಗಾಲದಲ್ಲಿ ಕೆಲಸಕ್ಕೆ ಹೋಗುವ ಹೆಂಗಸು ಮೊಣಕಾಲವರೆಗಿನ ಕೆಸರು ತೊಳೆದುಕೊಂಡೇ ಊರು ಸೇರಬೇಕು. ಆಕೆಯ ಕೆಸರುಗಾಲಿನಲ್ಲಿ ಆಕೆ ಎಲ್ಲಿಂದ ಬಂದವಳೆಂಬುದು ಬರೆದಿರುತ್ತದೆ. ಹಾಸಿದ ದಾರಿಯೆಂದರೆ ಆಕೆಗೆ ಮಾನ. ಇದನ್ನು ನಕ್ಷೆಯ ಮುಂದೆ ಕುಳಿತ ಎಂಜಿನಿಯರನಿಗೆ ಹೇಳಬಲ್ಲವಳು ಆಕೆಯೇ.

ಈ ಚರಿತ್ರೆಯನ್ನು ಓದುವಾಗ ನನ್ನನ್ನು ಬಹುವಾಗಿ ಸೆಳೆದ ಇನ್ನೊಂದು ಸಂಗತಿಯಿದೆ. ಆಯ್ಕೆಗೆ ಮೊದಲು ಪ್ರತಿನಿಧಿಗಳೆಲ್ಲ ಬಸ್ಸಿನಲ್ಲಿ ಕುಳಿತು ಒಬ್ಬರ ಕೇರಿಗೆ ಒಬ್ಬರು ಹೋಗಿಬರುವ ಪದ್ಧತಿ ಹಲವು ಕಡೆ ಬೆಳೆಯಿತು. ತಮ್ಮ ಬೀದಿಯ ಚರಂಡಿಯೇ ಜಗತ್ತಿನ ದೊಡ್ಡ ಕಷ್ಟವೆಂದು ವಾದಿಸಲು ಬಂದವರು, ಚರಂಡಿಯಿರಲಿ, ಕುಡಿಯುವ ನೀರೂ ಇಲ್ಲದ ಇಳಿಜಾರನ್ನು ಕಣ್ಣಾರೆ ಕಾಣುತ್ತಿದ್ದರು. ಕಂಡಮೇಲೆ ಎಷ್ಟೋ ಸಲ 'ಈ ವರ್ಷ ನಿಮ್ಮದಾಗಲಿ, ಮುಂದಿನ ವರ್ಷ ನಮ್ಮದು' ಎಂಬ ಒಪ್ಪಂದಕ್ಕೆ ಬರುತ್ತಿದ್ದರು. ಅಹವಾಲು ಹೇಳುವವನಿಗೆ ನೆರೆಯವನು ಪ್ರತಿಸ್ಪರ್ಧಿ. ಆಯುವ ಹೊಣೆ ಹೊತ್ತವನಿಗೆ ಅವನು ನೆರೆಯವನೇ. ಪೌರತ್ವವೆಂಬ ಮಾತನ್ನು ನಾವು ಪಠ್ಯಪುಸ್ತಕಗಳಲ್ಲಿ ಕಲಿಸುತ್ತೇವೆ. ಅವರು ಅದನ್ನು ಬಸ್ಸಿನ ಕಿಟಕಿಯಿಂದ ಕಲಿತರು.

ಫಲವೇನು? ವಿಶ್ವ ಬ್ಯಾಂಕು ಪ್ರಕಟಿಸಿದ ಅಂಕಿಗಳಂತೆ, 1988ರಲ್ಲಿ ನೂರಕ್ಕೆ 75 ಮನೆಗಳಿಗಿದ್ದ ನೀರು ಮತ್ತು ಒಳಚರಂಡಿಯ ಸಂಪರ್ಕ 1997ರ ಹೊತ್ತಿಗೆ 98 ಮನೆಗಳಿಗೆ ಮುಟ್ಟಿತು. 1996ರಲ್ಲಿ ಇಸ್ತಾನ್‌ಬುಲ್ ನಗರದಲ್ಲಿ ನಡೆದ ವಿಶ್ವಸಂಸ್ಥೆಯ ವಸತಿ ಸಮ್ಮೇಳನ ಈ ಪದ್ಧತಿಯನ್ನು ಮಾದರಿಯೆಂದು ಗುರುತಿಸಿತು. ಸಾವಿರವನ್ನು ಮುಟ್ಟದಿದ್ದ ಸಭೆಗಳ ಹಾಜರಿ ಹತ್ತು ಸಾವಿರವನ್ನು ದಾಟಿತು. ಬಂದವರಲ್ಲಿ ಕಡಿಮೆ ಆದಾಯದವರೇ ಹೆಚ್ಚು. ಸುಮಾರು ಅರ್ಧದಷ್ಟು ಹೆಂಗಸರು. ಕೊರತೆಗಳೂ ಇದ್ದವು. ಕಡು ಬಡವರಿಗೆ ಸಭೆಗೆ ಬರುವಷ್ಟು ಬಿಡುವಿರಲಿಲ್ಲ. ಮೇಲಿನ ಮಂಡಲಿಗೆ ಹೋದಂತೆ ಹೆಂಗಸರ ಸಂಖ್ಯೆ ಇಳಿಯುತ್ತಿತ್ತು. ಚುನಾಯಿತ ಸದಸ್ಯರಿಗೆ ತಮ್ಮ ಕೃಪೆಯ ಬೆಲೆ ಕುಸಿದದ್ದು ರುಚಿಸಲಿಲ್ಲ. ಜನರಿಂದ ಆರಿಸಿ ಬಂದ ತಾವಿರುವಾಗ ಮತ್ತೊಂದು ಸಭೆ ಏಕೆ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತೆಯೂ ಇಲ್ಲ. ಇದಕ್ಕೆ ಅಲ್ಲಿಯವರು ಕೊಟ್ಟ ಉತ್ತರ ಇಷ್ಟೇ: ನಾಲ್ಕು ವರ್ಷಕ್ಕೊಮ್ಮೆ ಮತ ಹಾಕಿದವನು ಉಳಿದ ದಿನಗಳಲ್ಲಿ ಮೂಕನಾಗಬೇಕಿಲ್ಲ.

ಮುಂದಿನದು ಇಳಿಗಾಲದ ಕಥೆ. 2004ರ ಚುನಾವಣೆಯಲ್ಲಿ, ಹದಿನಾರು ವರ್ಷಗಳ ಆಳ್ವಿಕೆಯ ನಂತರ, ಆ ಪಕ್ಷ ಸೋತಿತು. ಹೊಸಬರು ಸಭೆಗಳನ್ನು ನಿಲ್ಲಿಸಲಿಲ್ಲ. ಹೆಸರು ಉಳಿಯಿತು, ಸಭೆ ಉಳಿಯಿತು, ಭಾಷಣ ಉಳಿಯಿತು. ಆದರೆ ಜನ ಆರಿಸಿದ ಕಾಮಗಾರಿಗಳು ಒಂದು ವರ್ಷದಿಂದ ಇನ್ನೊಂದಕ್ಕೆ ಮುಂದೂಡಲ್ಪಟ್ಟು ಬಾಕಿ ಬೆಳೆಯಿತು. ಇದರ ಆರಂಭ ಸೋಲಿಗೆ ಮೊದಲೇ, ನಗರದ ಹಣಕಾಸು ಬಿಗಿಯಾದಾಗಲೇ ಆಗಿತ್ತು ಎಂಬುದನ್ನೂ ಹೇಳುವುದು ನ್ಯಾಯ. 2017ರಲ್ಲಿ ಹೊಸ ಮೇಯರೊಬ್ಬರು ಹಣವಿಲ್ಲವೆಂದು ಸಭೆಗಳನ್ನೇ ತಡೆಹಿಡಿದರು. ಮುಂದೆ ಅವು ಮತ್ತೆ ಸೇರಿದರೂ ಹಳೆಯ ಬಲ ಮರಳಲಿಲ್ಲ. 2024ರ ಮೇ ತಿಂಗಳಲ್ಲಿ ಗ್ವಾಯಿಬ ಉಕ್ಕಿತು. 1941ರ ಮಹಾಪ್ರವಾಹದ 4.76 ಮೀಟರಿನ ಗುರುತನ್ನು ದಾಟಿ ನೀರು ಐದು ಮೀಟರಿಗೂ ಮೇಲೇರಿತು. ನೀರನ್ನು ಹೊರಕ್ಕೆ ಎತ್ತಬೇಕಾಗಿದ್ದ ಪಂಪುಗಳಲ್ಲಿ ಹಲವು ನಿಂತವು. ಸಭೆಗಳು ಬಲವಾಗಿದ್ದಿದ್ದರೆ ನೀರು ಬರುತ್ತಿರಲಿಲ್ಲವೆಂದು ನಾನು ಹೇಳಲಾರೆ. ಕಣ್ಣಿಗೆ ಕಾಣದ ಪಂಪಿನ ದುರಸ್ತಿಯನ್ನು ಬೀದಿಯ ಜನ ಮೊದಲ ಸ್ಥಾನಕ್ಕೆ ತಂದಾರೆಂಬ ಭರವಸೆಯೂ ಇಲ್ಲ. ಜನರ ಮಾತಿನ ಜೊತೆಗೆ ಬಲ್ಲವರ ಎಚ್ಚರಿಕೆಯೂ ಹಸಿಬೆಯ ಬಳಿ ಕೂರಬೇಕೆಂಬುದು ಇಲ್ಲಿಯ ಪಾಠ.

ಪೋರ್ಟೊ ಅಲೆಗ್ರೆಯ ಬೆಳಕು ಕುಂದುವ ಹೊತ್ತಿಗೆ ಅದರ ಕಿಡಿ ಲೋಕಕ್ಕೆಲ್ಲ ಹಾರಿತ್ತು. ನ್ಯೂಯಾರ್ಕಿನ ಕೆಲವು ಕ್ಷೇತ್ರಗಳು 2011ರಲ್ಲಿ, ಪ್ಯಾರಿಸ್ 2014ರಲ್ಲಿ ಇದನ್ನು ಹಿಡಿದವು. ನಮ್ಮ ದೇಶದಲ್ಲಿ ಕೇರಳವು 1996ರಲ್ಲಿ ತನ್ನದೇ ದಾರಿಯಲ್ಲಿ, ಯೋಜನೆಯ ಹಣದ ಮೂರನೆಯ ಒಂದಕ್ಕೂ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟು, ಗ್ರಾಮಸಭೆಗಳಿಂದ ಯೋಜನೆ ಕಟ್ಟಿಸಿತು. ಪುಣೆಯ ನಗರಪಾಲಿಕೆ 2006ರಿಂದ ನಿವಾಸಿಗಳ ಸಲಹೆಗಳನ್ನು ಅರ್ಜಿಯ ಮೂಲಕ ಪಡೆದು ಆಯವ್ಯಯದಲ್ಲಿ ಸೇರಿಸತೊಡಗಿತು. ಬೆಂಗಳೂರಿನಲ್ಲಿ 2001ರ ಕೊನೆಯಿಂದ ಜನಾಗ್ರಹ ಸಂಸ್ಥೆಯವರು ವಾರ್ಡುಗಳಲ್ಲಿ ಜನರನ್ನು ಕೂಡಿಸಿ, ತಮ್ಮ ವಾರ್ಡಿಗೆ ಯಾವ ಕೆಲಸ ಮೊದಲೆಂದು ಆರಿಸುವ ಅಭ್ಯಾಸಕ್ಕೆ ನಾಂದಿ ಹಾಡಿದರು. 2015ರಿಂದ ನಗರದಲ್ಲಿ ವಾಹನ ಸುತ್ತಿಸಿ ಜನರ ಬೇಡಿಕೆಗಳನ್ನು ಬರೆಸಿಕೊಂಡರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಿಗೆ ವಾರ್ಡು ಸಮಿತಿಗಳನ್ನು ವಿಧಿಸಿದೆ. ಅದೇ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಹಲವು ವರ್ಷ ಚುನಾವಣೆಯೇ ನಡೆಯದೆ, ಮಹಾನಗರದ ಆಯವ್ಯಯವನ್ನು ಅಧಿಕಾರಿಗಳೇ ಮಂಡಿಸಿದ ವಿಪರ್ಯಾಸವನ್ನೂ ಕಂಡಿದ್ದೇವೆ.

ನಮ್ಮ ಬಡಾವಣೆಯಲ್ಲಿ ಒಮ್ಮೆ ಇಂಥದೊಂದು ಸಭೆ ನಡೆದು, ನಾನೂ ಹೋಗಿದ್ದೆ. ಶಾಲೆಯ ಅಂಗಳದಲ್ಲಿ ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಬೀದಿದೀಪ, ಕಸ, ಮುಚ್ಚಿಹೋದ ರಾಜಕಾಲುವೆ ಎಲ್ಲವೂ ಮಾತಿಗೆ ಬಂದವು. ಬಂದಿದ್ದ ಅಧಿಕಾರಿ ಸಜ್ಜನ. ಎಲ್ಲವನ್ನೂ ತಾಳ್ಮೆಯಿಂದ ಬರೆದುಕೊಂಡರು. ವಾರ್ಡಿಗೆ ಎಷ್ಟು ಹಣವಿದೆಯೆಂದು ಮಾತ್ರ ಯಾರೂ ಹೇಳಲಿಲ್ಲ; ಕೇಳಿದವರೂ ಇಲ್ಲ. ಬರೆದುಕೊಂಡದ್ದು ಏನಾಯಿತೆಂದು ತಿಳಿಸುವ ಮತ್ತೊಂದು ಸಭೆ ಮರುವರ್ಷ ಸೇರಲಿಲ್ಲ. ನಾವೆಲ್ಲ ಮನೆಗೆ ಹೋಗುವಾಗ ಮನಸ್ಸು ಹಗುರಾಗಿತ್ತು, ನಿಜ. ಹಗುರಾದದ್ದು ಹೇಳಿಕೊಂಡವರ ಮನಸ್ಸು. 1881ರ ಪ್ರತಿನಿಧಿಗಳೂ ದಸರೆ ಮುಗಿಸಿ ತಮ್ಮ ತಾಲ್ಲೂಕುಗಳಿಗೆ ಹೀಗೆಯೇ ಹಗುರಾಗಿ ಮರಳಿರಬೇಕು. ಆದರೆ ಅವರಿಗೆ ರಂಗಾಚಾರ್ಲು ಅವರು ಲೆಕ್ಕವನ್ನಾದರೂ ಓದಿ ಹೇಳಿದ್ದರು.

ಜನರನ್ನು ಕೇಳಿ ಆಯವ್ಯಯ ಮಾಡುತ್ತೇವೆಂದು ಯಾವ ನಗರ ಹೇಳಿದರೂ ನಾನು ಮೂರು ಪ್ರಶ್ನೆಗಳನ್ನು ಕೇಳಬಯಸುತ್ತೇನೆ. ಮುಂದಿಟ್ಟಿರುವ ಮೊತ್ತ ಎಷ್ಟು? ಆಯ್ಕೆಯ ನಿಯಮ ಯಾವುದು? ಕಳೆದ ವರ್ಷದ ಲೆಕ್ಕವೆಲ್ಲಿ? ಮೊತ್ತ ತಿಳಿಯದೆ ಹೇಳಿದ ಮಾತು ಬರಿಯ ಹಂಬಲ. ನಿಯಮವಿಲ್ಲದ ಕಡೆ ದೊಡ್ಡ ಗಂಟಲಿನವನೇ ಗೆಲ್ಲುತ್ತಾನೆ. ಲೆಕ್ಕ ಮರಳಿ ಬಾರದ ಸಭೆಗೆ ಮರುವರ್ಷ ಜನ ಬರುವುದಿಲ್ಲ. ಬಾರದ ಜನರನ್ನು ಉದಾಸೀನರೆಂದು ಬೈಯುವುದು ಆಗ ಬಹಳ ಸುಲಭ. ಪೋರ್ಟೊ ಅಲೆಗ್ರೆ ಈ ಮೂರೂ ಪ್ರಶ್ನೆಗಳಿಗೆ ಉತ್ತರ ಕೊಟ್ಟಷ್ಟು ಕಾಲ ಏರಿತು, ಕೊಡಲಾರದೆ ಹೋದಾಗ ಇಳಿಯಿತು.

ಮುಂಗಡಪತ್ರದ ಕಾಲ ಬಂದಾಗ ಪತ್ರಿಕೆಯ ಆ ಪುಟವನ್ನು ತಿರುವಿಹಾಕುವ ಮೊದಲು ಒಂದು ಕ್ಷಣ ನಿಲ್ಲಬಹುದು. ಆ ಕೋಟಿಗಳ ಸಾಲಿನಲ್ಲಿ ನಮ್ಮ ಬೀದಿಯ ಕತ್ತಲೆಯಿದೆ, ಪಕ್ಕದ ಕೇರಿಯ ಕೆಸರಿದೆ. ಎರಡರಲ್ಲಿ ಯಾವುದು ಮೊದಲೆಂದು ಯಾರೋ ಆಗಲೇ ನಿರ್ಧರಿಸಿರುತ್ತಾರೆ. ಆ ನಿರ್ಧಾರದಲ್ಲಿ ಪಾಲು ಬೇಕೆಂದು ಕೇಳುವುದಾದರೆ, ಪಕ್ಕದ ಕೇರಿಯ ಕೆಸರನ್ನು ಒಮ್ಮೆ ಹೋಗಿ ನೋಡಿಬರಲು ನಾವೂ ಸಿದ್ಧರಾಗಿರಬೇಕು.